ಎದೆಮಟ್ಟದ ನೀರಿನಲ್ಲಿ ನನ್ನ ಮಂಡಿ

ನನಗೆ 61 ತುಂಬಿದ ವರ್ಷ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಳ್ಳಲು ಶುರುವಾಯಿತು. ಹತ್ತುವುದು ಹೇಗೋ ಆಗುತ್ತಿತ್ತು, ಇಳಿಯುವುದೇ ಕಷ್ಟ. ಎಕ್ಸ್‌ರೇ ನೋಡಿದ ಡಾಕ್ಟರು, "ಸವೆತ ಇದೆ, ಆಪರೇಷನ್ ಈಗ ಬೇಡ. ತೂಕ ಇಳಿಸಿ, ತೊಡೆ ಗಟ್ಟಿ ಮಾಡಿಕೊಳ್ಳಿ" ಎಂದರು. ನಡೆದರೆ ನೋವು, ನಡೆಯದಿದ್ದರೆ ತೂಕ ಜಾಸ್ತಿ. ಏನು ಮಾಡುವುದು? ಫಿಸಿಯೋಥೆರಪಿಸ್ಟ್ ಹುಡುಗಿ ಹೇಳಿದಳು, "ಆಂಟಿ, ನೀರಲ್ಲಿ ನಡೀರಿ."

ನನಗೆ ಈಜು ಬರುವುದಿಲ್ಲ. ಇದಕ್ಕೆ ಬರಬೇಕಾಗಿಯೂ ಇಲ್ಲ. ಈಜುಕೊಳದ ನಾಲ್ಕು ಅಡಿ ನೀರು ನನ್ನ ಎದೆಮಟ್ಟಕ್ಕೆ ಬರುತ್ತದೆ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಎದೆಮಟ್ಟಕ್ಕೆ ಹೋದರೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಆಗ ನನ್ನ ತೂಕ 72 ಕೆಜಿ. ನೀರೊಳಗೆ ನನ್ನ ಮಂಡಿ ಹೊರುತ್ತಿದ್ದುದು ಒಂದು ಅಕ್ಕಿ ಮೂಟೆಯಷ್ಟು, 25 ಕೆಜಿ. ಹಾಗಂತ ಸ್ನಾಯುವಿಗೆ ರಜೆ ಇಲ್ಲ. ಕಾಲು ಎಷ್ಟು ಜೋರಾಗಿ ಬೀಸುತ್ತೇವೋ ನೀರು ಅಷ್ಟೇ ಜೋರಾಗಿ ತಡೆಯುತ್ತದೆ.

ಮೊದಲ ದಿನವೇ ತಪ್ಪು ಮಾಡಿದೆ. ನೀರಲ್ಲಿ ನೋವೇ ಇಲ್ಲ, ಎಷ್ಟೋ ವರ್ಷದ ಮೇಲೆ ಕಾಲು ಹಗುರ. ಆ ಖುಷಿಯಲ್ಲಿ 50 ನಿಮಿಷ ನಡೆದುಬಿಟ್ಟೆ. ಮೇಲೆ ಬರುವಾಗ ಇಡೀ ಮೈ ಭಾರ ಒಮ್ಮೆಲೇ ಮರಳಿತು. ಮಾರನೇ ದಿನ ಮಂಡಿ ಊದಿಕೊಂಡಿತ್ತು. ನೀರು ನೋವನ್ನು ಮರೆಸುತ್ತದೆ, ಆದ್ದರಿಂದ ಗಡಿಯಾರ ನೋಡಿಯೇ ನಿಲ್ಲಿಸಬೇಕು. ಆಮೇಲೆ 10 ನಿಮಿಷದಿಂದ ಶುರು ಮಾಡಿ, ಎರಡು ತಿಂಗಳಲ್ಲಿ 30ಕ್ಕೆ ಬಂದೆ. ವಾರಕ್ಕೆ ಮೂರು ದಿನ. ಹೊರಬಂದು ಎರಡು ಗಂಟೆ ಆದ ಮೇಲೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಮುಂದಿನ ಸಲ ಕಡಿಮೆ ಮಾಡುತ್ತೇನೆ.

ಮುಂದಕ್ಕೆ ನಡೆಯುತ್ತೇನೆ, ಹಿಂದಕ್ಕೆ ನಡೆಯುತ್ತೇನೆ, ಏಡಿಯ ಹಾಗೆ ಪಕ್ಕಕ್ಕೂ ನಡೆಯುತ್ತೇನೆ. ಹಿಂದಕ್ಕೆ ನಡೆದಾಗ ತೊಡೆಯ ಮುಂಭಾಗಕ್ಕೆ ಚೆನ್ನಾಗಿ ಕೆಲಸ ಬೀಳುತ್ತದೆ. ಕಂಬಿ ಹಿಡಿದು ಒಂದೊಂದೇ ಕಾಲು ಬೀಸುತ್ತೇನೆ, ಅರ್ಧ ಕೂತು ಏಳುತ್ತೇನೆ. ಕೀಲಿನಲ್ಲಿ ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲವಂತೆ. ಕೀಲು ಒತ್ತಿ ಬಿಟ್ಟು ಆದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಇದು ಗೊತ್ತಾದ ಮೇಲೆ ಸುಮ್ನೆ ಬಿಸಿನೀರಲ್ಲಿ ಕೂರುವುದನ್ನೇ ಚಿಕಿತ್ಸೆ ಅಂದುಕೊಳ್ಳುವುದನ್ನು ಬಿಟ್ಟೆ. ಕೀಲು ಆಡಬೇಕು ಅಲ್ವಾ? ದಿನಾ ಬೆಳಿಗ್ಗೆ ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂತು, ಮಂಡಿಗೆ ಬೆಚ್ಚಗಿನ ನೀರು ಹುಯ್ದುಕೊಂಡು ಹತ್ತು ಸಲ ಕಾಲು ಚಾಚಿ ಮಡಿಸುತ್ತೇನೆ. ಕೊಳ ಇಲ್ಲದ ಊರಿನವರೂ ಇಷ್ಟು ಮಾಡಬಹುದು. ಇನ್ನು ಕೆಲವರು ಬಾಟಲಿಗಟ್ಟಲೆ ನೀರು ಕುಡಿಯಿರಿ ಎನ್ನುತ್ತಾರೆ. ಬಾಯಾರದಂತೆ ಕುಡಿಯುವುದು ಬೇಕೇ ಬೇಕು, ವಯಸ್ಸಾದಂತೆ ದಾಹ ಸರಿಯಾಗಿ ತಿಳಿಯುವುದಿಲ್ಲ. ಆದರೆ ನೀರು ಕುಡಿದ ಮಾತ್ರಕ್ಕೆ ಸವೆದ ಕೀಲು ಮತ್ತೆ ಬೆಳೆಯುವುದಿಲ್ಲ.

ಕೊಳ ಆರಿಸುವಾಗ ಮೆಟ್ಟಿಲು ನೋಡಿ. ನನ್ನ ಮೊದಲ ಕೊಳದಲ್ಲಿ ನೆಟ್ಟಗಿನ ಕಬ್ಬಿಣದ ಏಣಿ ಮಾತ್ರ ಇತ್ತು. ಅದನ್ನು ಹತ್ತುವುದೇ ಮಂಡಿಗೆ ಶಿಕ್ಷೆ. ಅಗಲ ಮೆಟ್ಟಿಲು, ಹಿಡಿಯಲು ಕಂಬಿ ಇರುವ ಕಡೆ ಬದಲಾಯಿಸಿಕೊಂಡೆ. ಒದ್ದೆ ನೆಲ ಜಾರುತ್ತದೆ, ಹಿಡಿತ ಇರುವ ರಬ್ಬರ್ ಚಪ್ಪಲಿ ಬೇಕು. ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೆ ನೀರು ಕೊರೆಯುತ್ತದೆ, ಕೀಲು ಮತ್ತಷ್ಟು ಬಿಗಿಯುತ್ತದೆ. ಡಿಸೆಂಬರಿನಲ್ಲಿ ಹನ್ನೊಂದು ಗಂಟೆಗೆ ಹೋಗುತ್ತೇನೆ. ಹೃದಯದ ತೊಂದರೆ, ಬಿಪಿ, ವಾಸಿಯಾಗದ ಗಾಯ ಇದ್ದವರು ಡಾಕ್ಟರನ್ನು ಕೇಳದೆ ಇಳಿಯಬೇಡಿ.

ಮೂರು ವರ್ಷ ಆಯಿತು. ಎಕ್ಸ್‌ರೇಯಲ್ಲಿ ಸವೆತ ಹಾಗೇ ಇದೆ. ತೂಕ 66ಕ್ಕೆ ಬಂದಿದೆ. ಈಗ ದಿನ ಬಿಟ್ಟು ದಿನ ನೆಲದ ಮೇಲೂ ಅರ್ಧ ಗಂಟೆ ನಡೆಯುತ್ತೇನೆ. ಮೂಳೆಗೆ ಆ ಭಾರವೂ ಬೇಕು. ಹೋದ ತಿಂಗಳಿಂದ ನಮ್ಮ ಅತ್ತಿಗೆಯೂ ಬರುತ್ತಿದ್ದಾರೆ. ಅವರಿಗೆ 70. ಮೊದಲ ವಾರ ಪೂರ್ತಿ ಕಂಬಿ ಬಿಡಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ. ಮೊನ್ನೆ ಗುರುವಾರ ಎರಡೂ ಬಿಟ್ಟು ಆ ಗೋಡೆಯಿಂದ ಈ ಗೋಡೆಗೆ ನಡೆದರು.