ಮಳೆಗಾಲದ ಹೇಮಾವತಿ, ಒಣಗದ ಜಲವರ್ಣ

ಸಕಲೇಶಪುರದ ಸೇತುವೆ ಪಕ್ಕದಿಂದ ಆಷಾಢದ ಹೇಮಾವತಿಯನ್ನು ಬರೆಯುವುದೆಂದರೆ ನನಗೆ ಪ್ರಾಣ. ತೊಂದರೆ ಒಂದೇ, ಬಣ್ಣ ಒಣಗುತ್ತಿರಲಿಲ್ಲ. ಆಕಾಶದ ತೆಳುಲೇಪ ಅರೆಹಸಿಯಾಗೇ ಉಳಿದು, ಅದರ ಮೇಲೆ ಹೆಂಚಿನ ಮನೆಗಳನ್ನು ಇಟ್ಟ ಕೂಡಲೇ ಹೂಕೋಸಿನ ಅಂಚಿನಂಥ ಕಲೆ ಅರಳುತ್ತಿತ್ತು.

ಗಾಳಿಯಲ್ಲೇ ತೇವ ತುಂಬಿರುವಾಗ ಕಾಗದದ ನೀರು ಬೇಗ ಆವಿಯಾಗದು. ಅರೆಹಸಿ ಕಾಗದಕ್ಕೆ ಅದಕ್ಕಿಂತ ಹೆಚ್ಚು ನೀರಿರುವ ಕುಂಚ ತಾಗಿದರೆ, ಆ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಕಲೆಯ ಮೂಲ ಇದು.

ಹಾಗಾಗಿ ಎರಡನೇ ಲೇಪಕ್ಕೆ ಮುಂಚೆ ಕುಂಚವನ್ನು ಹತ್ತಿಬಟ್ಟೆಗೆ ಒತ್ತಿ, ಬಣ್ಣ ಗಟ್ಟಿಯಾಗಿ, ನೀರು ಕಡಿಮೆಯಾಗಿ ಇಟ್ಟುಕೊಳ್ಳತೊಡಗಿದೆ. ಕಲೆ ನಿಂತಿತು, ಮನೆಗಳ ಅಂಚು ಮಂಜಿನಲ್ಲಿ ಕರಗಿದಂತೆ ಮೃದುವಾಗಿ ಬಂತು. ಮಲೆನಾಡಿನ ಮಳೆಗೆ ಅದೇ ಸರಿಯಾದ ಅಂಚು ಎಂಬುದು ನನ್ನ ಖಚಿತ ಅಭಿಪ್ರಾಯ. ಸೇತುವೆಯ ಕಂಬಗಳಿಗೆ ಮಾತ್ರ ಚೂಪು ಗೆರೆ ಬೇಕು. ಅವನ್ನು ಮನೆಗೆ ಬಂದು, ಹೇರ್ ಡ್ರೈಯರ್ ಹಿಡಿದು ಪೂರ್ತಿ ಒಣಗಿಸಿದ ಮೇಲೆ ಬರೆಯುತ್ತೇನೆ.

ಜೇನು ಬೆರೆಸಿದ ಬಣ್ಣಗಳನ್ನು ಮಳೆಗಾಲದಲ್ಲಿ ಬಳಸುವುದು ಬಿಟ್ಟೆ. ಜೇನು ತೇವ ಹೀರುವುದರಿಂದ ಅವು ಅಂಟಂಟಾಗೇ ಇರುತ್ತವೆ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿ. ಬೂಷ್ಟು ಹಿಡಿದ ಕಾಗದದಲ್ಲಿ ಬಣ್ಣ ಅಲ್ಲಲ್ಲಿ ಇಂಗಿ ಕಪ್ಪು ಚುಕ್ಕೆಯಾಗುತ್ತದೆ, ಅದಕ್ಕೆ ಮದ್ದಿಲ್ಲ.

ಘಟ್ಟ ಇಳಿದು ಉಳ್ಳಾಲ, ಮಲ್ಪೆಯಲ್ಲಿ ಕಡಲು ಬರೆಯುವವರಿಗೂ ಗಾಳಿಯ ತೇವ ಇದೇ ಕಾಟ ಕೊಡುತ್ತದೆ. ಅಲ್ಲೂ ಮೊದಲು ಕುಂಚದ ನೀರು ಕಡಿಮೆ ಮಾಡಿ ನೋಡಿ.