ಡೈವಿಂಗ್‌ಗೆ ಇಳಿಯುವ ಮೊದಲು ಶ್ವಾಸಕೋಶ, ರಕ್ತನಾಳದ ಕಡೆ ಗಮನ ಕೊಡಿ

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಮಾಡೋಕೆ ಹೊರಟವರು ಈಜು ಬರಬೇಕಾ ಅಂತ ಕೇಳುತ್ತಾರೆ, ಶ್ವಾಸಕೋಶದ ಬಗ್ಗೆ ಕೇಳೋದು ಕಡಿಮೆ. 10 ಮೀಟರ್ ಕೆಳಗೆ ಒತ್ತಡ ದುಪ್ಪಟ್ಟಾಗುತ್ತದೆ, ನೈಟ್ರೋಜನ್ ರಕ್ತದಲ್ಲಿ ಜಾಸ್ತಿ ಕರಗುತ್ತದೆ. ಬೇಗ ಮೇಲೆ ಬಂದರೆ ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳುತ್ತದೆ, ಈ ಗುಳ್ಳೆಗಳಿಂದ ಬರುವ ತೊಂದರೆಯೇ ಡಿಕಂಪ್ರೆಷನ್ ಸಿಕ್‌ನೆಸ್.

ಸಣ್ಣ ಗುಳ್ಳೆಗಳನ್ನು ಶ್ವಾಸಕೋಶವೇ ಸೋಸುತ್ತದೆ. ಆದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಉಳಿದ ಕಿಂಡಿ, ಅಂದರೆ ಪಿಎಫ್‌ಒ ಇರುತ್ತದೆ, ಅದರ ಮೂಲಕ ಗುಳ್ಳೆ ನೇರ ಮಿದುಳಿಗೂ ಹೋಗಬಹುದು. ಹೆಚ್ಚಿನವರಿಗೆ ಏನೂ ಆಗಲ್ಲ. ಸುಮ್ನೆ ಎಲ್ಲರೂ ಟೆಸ್ಟ್ ಮಾಡಿಸಬೇಕಿಲ್ಲ, ಹಿಂದೆ ಡಿಕಂಪ್ರೆಷನ್ ಸಿಕ್‌ನೆಸ್ ಆಗಿದ್ದವರು ಡಾಕ್ಟರನ್ನು ಕೇಳಲೇಬೇಕು. ಡೈವ್ ಮುಗಿದ ತಕ್ಷಣ ಉಸಿರು ಬಿಗಿಹಿಡಿದು ಸಿಲಿಂಡರ್ ಎತ್ತಬೇಡಿ, ಹಾಗೆ ತಿಣುಕಿದರೇ ಆ ಕಿಂಡಿ ತೆರೆದುಕೊಳ್ಳಬಹುದು.

ಅಸ್ತಮಾ, ಸಿಗರೇಟು, ಇತ್ತೀಚಿನ ನ್ಯುಮೋನಿಯಾ ಇದ್ದರೆ ಡೈವ್‌ಗೆ ಮೊದಲು ತುಂಬುವ ಆರೋಗ್ಯದ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ಶ್ವಾಸಕೋಶದಲ್ಲಿ ಸಿಕ್ಕಿಬಿದ್ದ ಗಾಳಿ ಮೇಲೆ ಬರುವಾಗ ಹಿಗ್ಗಿ ಶ್ವಾಸಕೋಶವನ್ನೇ ಹರಿದುಬಿಡಬಹುದು.

ನೀರು ಚೆನ್ನಾಗಿ ಕುಡಿಯಿರಿ, ಹಿಂದಿನ ರಾತ್ರಿ ಮದ್ಯ ಬೇಡ. ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರಬೇಡಿ, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ, ಉಸಿರಂತೂ ಹಿಡಿಯಲೇಬೇಡಿ.

ಇನ್ನೊಂದು, ಮುರ್ಡೇಶ್ವರದಿಂದ ಅದೇ ಸಂಜೆ ಘಾಟಿ ಹತ್ತಿ ಬೆಂಗಳೂರಿಗೆ ಹೊರಡೋರು ಜಾಸ್ತಿ ಅಲ್ವಾ? ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಗುಳ್ಳೆ ಏಳಬಹುದು. ಡೈವ್ ಆದಮೇಲೆ ವಿಮಾನ ಹತ್ತೋಕೆ ಇರುವ ನಿಯಮವೇ ಇಲ್ಲೂ ಪಾಲಿಸಿ: ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಆದರೆ 18 ಗಂಟೆ ಕಾಯಿರಿ. ಕೀಲು ನೋವು, ಜುಮ್ಮೆನ್ನುವಿಕೆ, ಮೈಮೇಲೆ ಕಲೆ, ತಲೆಸುತ್ತು ಬಂದರೆ ತಕ್ಷಣ ಶುದ್ಧ ಆಕ್ಸಿಜನ್ ಕೊಡಿಸಿ, ಆಸ್ಪತ್ರೆಗೆ ಹೋಗಿ ಡೈವ್ ಮಾಡಿದ್ದನ್ನು ಮೊದಲೇ ಹೇಳಿ.