ಪೈಗೆ ಹಾರ್ಡ್ ಡಿಸ್ಕ್ ಸೇರಿಸಿ ಮನೆ ಸರ್ವರ್ ಮಾಡೋದು ಹೇಗೆ: ಮೊದಲು ಕರೆಂಟ್ ನೋಡಿ, ಆಮೇಲೆ ಎಫ್‌ಎಸ್‌ಟ್ಯಾಬ್ ಮುಟ್ಟಿ

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ತಗೊಂಡು, ಅದಕ್ಕೊಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಮನೆಮಂದಿ ಫೋಟೊ ವಿಡಿಯೊ ಎಲ್ಲಾ ಒಂದೇ ಕಡೆ ಇಡೋಣ ಅಂತ ಆಸೆಯಿಂದ ಶುರು ಮಾಡಿದ ಎಷ್ಟೋ ಜನರನ್ನ ನೋಡಿದೀನಿ. ಮೊದಲ ದಿನ ಎಲ್ಲಾ ಚೆನ್ನಾಗೇ ನಡೆಯುತ್ತೆ, ಒಂದು ವಾರ ಬಿಟ್ಟು ಡಿಸ್ಕ್ ತಾನಾಗೇ ಮಾಯ ಆಗುತ್ತೆ, ಇಲ್ಲಾ ಕರೆಂಟ್ ಹೋಗಿ ಬಂದಮೇಲೆ ಪೈ ಮೇಲೇಳೋದೇ ಇಲ್ಲ. ಆಗ ಎಲ್ಲರೂ ಮಾಡೋ ಕೆಲಸ ಒಂದೇ, ಪೈಯ ಓಎಸ್ ಇರೋ ಮೆಮೊರಿ ಕಾರ್ಡ್ ಅಳಿಸಿ ಅದನ್ನ ಹೊಸದಾಗಿ ಹಾಕೋದು. ನನ್ನ ಗೆಳೆಯನೊಬ್ಬ ಹೀಗೆ ಒಂದೇ ತಿಂಗಳಲ್ಲಿ ಆರು ಸಲ ಹಾಕಿದ್ದ. ನಾನು ಹೋಗಿ ಡಿಸ್ಕ್ ಹತ್ರ ಕಿವಿ ಇಟ್ಟು ಕೇಳಿದ್ರೆ ಟಕ್ ಅಂತ ಒಂದು ಸದ್ದು, ಸುಯ್ಯಂತ ತಿರುಗೋಕೆ ಶುರು, ಮತ್ತೆ ಟಕ್, ಮತ್ತೆ ನಿಲ್ಲೋದು. ಡಿಸ್ಕಿಗೆ ತಿರುಗೋಕೆ ಬೇಕಾದಷ್ಟು ಕರೆಂಟೇ ಸಿಗ್ತಿರಲಿಲ್ಲ, ಓಎಸ್‌ದು ಏನೂ ತಪ್ಪಿರಲಿಲ್ಲ. ಅದಕ್ಕೇ ಈ ಲೇಖನದಲ್ಲಿ ಸುಲಭದ ಕೆಲಸಗಳನ್ನ ಬೇಗ ಮುಗಿಸಿ, ಜನ ಎಡವೋ ಎರಡು ಜಾಗದಲ್ಲಿ ಮಾತ್ರ ನಿಂತು ಹೇಳ್ತೀನಿ.

ಕಾರ್ಡ್ ಬರೆಯೋದು

ರಾಸ್ಪ್‌ಬೆರಿ ಪೈ ಅವರದ್ದೇ ಇಮೇಜರ್ ಅನ್ನೋ ಪ್ರೋಗ್ರಾಂ ಇದೆ, ಅದನ್ನೇ ಬಳಸಿ, ಬೇರೆ ಯಾವುದೂ ಬೇಡ, ಯಾಕಂದ್ರೆ ಯೂಸರ್ ಹೆಸರು, ಪಾಸ್‌ವರ್ಡ್, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿಂದ ಪೈ ಒಳಗೆ ಲಾಗಿನ್ ಆಗೋ ದಾರಿ), ವೈಫೈ ಎಲ್ಲಾ ಬರೆಯೋ ಮೊದಲೇ ಅಲ್ಲೇ ತುಂಬಬಹುದು. ಹಳೇ ವಿಡಿಯೊ ನೋಡ್ಕೊಂಡು ಪೈ ಅಂತ ಯೂಸರ್, ರಾಸ್ಪ್‌ಬೆರಿ ಅಂತ ಪಾಸ್‌ವರ್ಡ್ ಹೊಡೆದು ಒಳಗೆ ಬಿಡ್ತಿಲ್ಲ ಅಂತ ಒದ್ದಾಡೋರು ಇನ್ನೂ ಇದ್ದಾರೆ, ಆ ಡೀಫಾಲ್ಟ್ ಯೂಸರನ್ನ 2022ರ ಏಪ್ರಿಲ್‌ನಲ್ಲೇ ತೆಗೆದು ಹಾಕಿದ್ದಾರೆ. ಸರ್ವರ್‌ಗೆ ಡೆಸ್ಕ್‌ಟಾಪ್ ಬೇಡ, ಲೈಟ್ ಆವೃತ್ತಿ ಸಾಕು.

ಕಾರ್ಡ್ ವಿಷಯದಲ್ಲಿ ಒಂದು ಮಾತು. ಅಗ್ಗಕ್ಕೆ ಸಿಗೋ ದೊಡ್ಡ ಸೈಜಿನ ಕಾರ್ಡುಗಳಲ್ಲಿ ನಕಲಿ ತುಂಬಾ, ಮೇಲೆ 256 ಜಿಬಿ ಅಂತ ಅಚ್ಚಾಗಿರುತ್ತೆ, ಒಳಗೆ ಅದರ ಕಾಲು ಭಾಗನೂ ಇರಲ್ಲ, ತುಂಬಿದ ಮೇಲೆ ಬರೆದದ್ದೆಲ್ಲಾ ಹಾಳು. ಲಿನಕ್ಸ್‌ನಲ್ಲಿ (ಪೈಯ ಓಎಸ್ ಕೂಡ ಅದೇ) ಎಫ್3 ಅನ್ನೋ ಸಣ್ಣ ಪ್ರೋಗ್ರಾಂ ಇದೆ, ಕಾರ್ಡ್ ಪೂರ್ತಿ ಬರೆದು ವಾಪಸ್ ಓದಿ ನಿಜ ಹೇಳುತ್ತೆ. ಹೊಸ ಕಾರ್ಡ್ ತಂದ ದಿನವೇ ಒಂದು ಸಲ ಓಡಿಸಿ.

ಕರೆಂಟ್: ಇಲ್ಲೇ ಅರ್ಧ ಜನ ಬೀಳೋದು

ಪೈ 4ಕ್ಕೆ ಬೇಕಾದದ್ದು 5.1 ವೋಲ್ಟ್, 3 ಆಂಪ್. ಪೈ 5ಕ್ಕೆ ಅವರು ಕೊಡೋ ಅಡಾಪ್ಟರ್ 27 ವ್ಯಾಟ್‌ದು, ಅಂದ್ರೆ 5.1 ವೋಲ್ಟ್‌ಗೆ 5 ಆಂಪ್. "ನನ್ನ ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್ ಸಾರ್, ಇಷ್ಟು ಚಿಕ್ಕ ಬೋರ್ಡಿಗೆ ಸಾಲಲ್ವಾ" ಅಂತ ಕೇಳ್ತಾರೆ. ಆ 65 ವ್ಯಾಟ್ 20 ವೋಲ್ಟ್‌ನ ಲೆಕ್ಕ, ಪೈ ತಗೊಳ್ಳೋದು 5 ವೋಲ್ಟ್ ಮಾತ್ರ, ಚಾರ್ಜರ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರೋ 5 ವೋಲ್ಟ್‌ನ ಸಾಲು ಓದಿ, ಅಲ್ಲಿ ಸಾಮಾನ್ಯವಾಗಿ 3 ಆಂಪ್ ಅಂತಷ್ಟೇ ಇರುತ್ತೆ. ಪೈ 5ಕ್ಕೆ ಅಂಥ 3 ಆಂಪ್ ಚಾರ್ಜರ್ ಹಾಕಿದ್ರೆ ಬೋರ್ಡ್ ಏನೋ ಏಳುತ್ತೆ, ಆದ್ರೆ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ 600 ಮಿಲಿಆಂಪ್‌ಗಿಂತ ಜಾಸ್ತಿ ಕೊಡಲ್ಲ. ಸರಿಯಾದ 5 ಆಂಪ್ ಅಡಾಪ್ಟರ್ ಇದ್ರೆ 1.6 ಆಂಪ್ ಸಿಗುತ್ತೆ. ಪೈ 4ರಲ್ಲಿ ಎಲ್ಲಾ ಸೇರಿ 1.2 ಆಂಪ್. ತಿರುಗೋ ಡಿಸ್ಕ್ ನಿಂತಲ್ಲಿಂದ ತಿರುಗೋಕೆ ಶುರು ಮಾಡೋ ಒಂದೆರಡು ಸೆಕೆಂಡಲ್ಲೇ ಅತಿ ಹೆಚ್ಚು ಕರೆಂಟ್ ಎಳೆಯೋದು, 600 ಮಿಲಿಆಂಪ್ ಅದಕ್ಕೆ ಎಲ್ಲಿಗೂ ಸಾಲಲ್ಲ.

ಈ ಮಿತಿಯನ್ನ ಕಾನ್ಫಿಗ್ ಫೈಲಲ್ಲಿ ಒಂದು ಸಾಲು ಬರೆದು ತೆಗೆಯೋ ಉಪಾಯ ಎಲ್ಲಾ ಕಡೆ ಓಡಾಡ್ತಿದೆ. ಅಡಾಪ್ಟರ್ ನಿಜವಾಗ್ಲೂ 5 ಆಂಪ್ ಕೊಡುತ್ತೆ ಅಂತ ಗ್ಯಾರಂಟಿ ಇದ್ದು, ಬೋರ್ಡಿಗೆ ಅದು ಗೊತ್ತಾಗ್ತಿಲ್ಲ ಅಂದ್ರೆ ಮಾತ್ರ ಆ ಸಾಲು ಹಾಕಿ. ಬಡಪಾಯಿ ಚಾರ್ಜರ್ ಇಟ್ಕೊಂಡು ಹಾಕಿದ್ರೆ ಮೊದಲು ಡಿಸ್ಕ್ ಮಾತ್ರ ಬೀಳ್ತಿತ್ತು, ಈಗ ಬೋರ್ಡೇ ಬೀಳುತ್ತೆ.

ಇನ್ನು ಕೇಬಲ್. ಅಡಾಪ್ಟರ್ ಒಳ್ಳೇದಿದ್ದೂ ತೆಳ್ಳಗಿನ ಉದ್ದ ಕೇಬಲ್ ಹಾಕಿದ್ರೆ ದಾರಿಯಲ್ಲೇ ವೋಲ್ಟೇಜ್ ಇಳಿದು ಹೋಗುತ್ತೆ. 4.63 ವೋಲ್ಟ್‌ನ ಆಸುಪಾಸಿಗೆ ಇಳಿದ ತಕ್ಷಣ ಪೈ ಎಚ್ಚರಿಕೆ ಕೊಡುತ್ತೆ, ಮಾನಿಟರ್ ಇದ್ರೆ ಮೂಲೆಯಲ್ಲಿ ಮಿಂಚಿನ ಗುರುತು ಕಾಣುತ್ತೆ. ಆದ್ರೆ ಸರ್ವರ್‌ಗೆ ಮಾನಿಟರೇ ಇರಲ್ಲವಲ್ಲ, ಆ ಗುರುತು ಯಾರಿಗೂ ಕಾಣೋದೇ ಇಲ್ಲ. ಅದಕ್ಕೆ ಟರ್ಮಿನಲ್‌ನಲ್ಲಿ ವಿಸಿಜೆನ್‌ಸಿಎಂಡಿ ಗೆಟ್ ಅಂಡರ್‌ಸ್ಕೋರ್ ಥ್ರಾಟಲ್ಡ್ ಅನ್ನೋ ಆಜ್ಞೆ ಕೊಟ್ಟು ನೋಡಿ. ಉತ್ತರ 0ಎಕ್ಸ್0 ಅಂತ ಬಂದ್ರೆ ಎಲ್ಲಾ ಸರಿ. 0ಎಕ್ಸ್50000 ಅಂದ್ರೆ ಈಗ ಸರಿ ಇದೆ, ಆದ್ರೆ ಬೂಟ್ ಆದಾಗಿಂದ ಯಾವಾಗಲೋ ವೋಲ್ಟೇಜ್ ಕುಸಿದಿತ್ತು. 0ಎಕ್ಸ್50005 ಬಂದ್ರೆ ಈ ಕ್ಷಣದಲ್ಲೇ ಸಾಲ್ತಿಲ್ಲ ಅಂತ ಅರ್ಥ. ಇದನ್ನ ಡಿಸ್ಕ್ ಸುಮ್ಮನಿದ್ದಾಗ ನೋಡಿ ಖುಷಿ ಪಡಬೇಡಿ, ಒಂದು ದೊಡ್ಡ ಫೈಲ್ ಕಾಪಿ ಮಾಡ್ತಾ ಇರುವಾಗ ನೋಡಿ. ನನ್ನ ಗೆಳೆಯನ ಬೋರ್ಡಲ್ಲಿ ಕಾಪಿ ಶುರುವಾದ ಕೂಡಲೇ ಕೊನೇ 0 ಹೋಗಿ 5 ಬಂದಿತ್ತು, ಅಲ್ಲಿಗೆ ಒಂದು ತಿಂಗಳ ರಗಳೆಗೆ ಉತ್ತರ ಸಿಕ್ಕಿತು.

ಡಿಸ್ಕಿಗೇ ಪ್ರತ್ಯೇಕ ಅಡಾಪ್ಟರ್ ಇದ್ರೆ, ಅಂದ್ರೆ 12 ವೋಲ್ಟ್‌ನ ದೊಡ್ಡ 3.5 ಇಂಚಿನ ಡಿಸ್ಕ್ ಆದ್ರೆ ಈ ತಲೆನೋವೇ ಇಲ್ಲ, ನನ್ನ ಆಯ್ಕೆ ಯಾವತ್ತೂ ಅದೇ. ಸಣ್ಣ ಪೋರ್ಟಬಲ್ ಡಿಸ್ಕೇ ಇರೋದು ಅಂದ್ರೆ ಸ್ವಂತ ಪವರ್ ಇರೋ ಯುಎಸ್‌ಬಿ ಹಬ್ ಮಧ್ಯೆ ಹಾಕಿ. ಆದ್ರೆ ಕಳಪೆ ಹಬ್‌ಗಳು ಕರೆಂಟನ್ನ ಉಲ್ಟಾ ಪೈ ಕಡೆಗೇ ನೂಕ್ತವೆ. ಪರೀಕ್ಷೆ ಸುಲಭ: ಹಬ್ ಆನ್ ಇರಲಿ, ಪೈಯನ್ನ ಸರಿಯಾಗಿ ಶಟ್‌ಡೌನ್ ಮಾಡಿ ಅದರ ಪವರ್ ವೈರ್ ಕೀಳಿ, ಆಮೇಲೂ ಬೋರ್ಡ್ ಮೇಲಿನ ಲೈಟ್ ಉರೀತಾನೇ ಇದ್ರೆ ಆ ಹಬ್ಬನ್ನ ವಾಪಸ್ ಕೊಟ್ಟುಬಿಡಿ.

ಫಾರ್ಮ್ಯಾಟ್

ಈ ಡಿಸ್ಕ್ ಇನ್ಮೇಲೆ ಪೈ ಹತ್ರವೇ ಇರುತ್ತೆ ಅಂದ್ರೆ ಲಿನಕ್ಸ್‌ನ ಫೈಲ್‌ಸಿಸ್ಟಂ ಎಕ್ಸ್‌ಟಿ4 ಮಾಡಿ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಹಾಗೇ ಇಟ್ಕೊಂಡು ಆಮೇಲೆ ಪರ್ಮಿಶನ್ ಬರ್ತಿಲ್ಲ ಅಂತ ತಲೆ ಕೆಡಿಸ್ಕೋಬೇಡಿ. ಫಾರ್ಮ್ಯಾಟ್ ಮಾಡಿದ್ರೆ ಒಳಗಿದ್ದದ್ದೆಲ್ಲಾ ಹೋಗುತ್ತೆ, ಹಾಗಾಗಿ ಮೊದಲೇ ಬೇರೆ ಕಡೆ ಕಾಪಿ ತೆಗೆದಿಡಿ, ಮತ್ತೆ ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಕೊಟ್ಟು ಸೈಜ್ ನೋಡಿ ಯಾವುದು ಯಾವುದು ಅಂತ ಖಚಿತ ಮಾಡ್ಕೊಳ್ಳಿ. ಪೈಯಲ್ಲಿ ಕಾರ್ಡ್ ಎಂಎಂಸಿಬಿಎಲ್‌ಕೆ0 ಅಂತ, ಯುಎಸ್‌ಬಿ ಡಿಸ್ಕ್ ಎಸ್‌ಡಿಎ ಅಂತ ಕಾಣುತ್ತೆ. ಇನ್ನೊಂದು, ಎಕ್ಸ್‌ಟಿ4 ತಾನಾಗೇ ಶೇಕಡ 5 ಜಾಗವನ್ನ ರೂಟ್‌ಗೆ, ಅಂದ್ರೆ ಎಲ್ಲಾ ಅಧಿಕಾರ ಇರೋ ಅಡ್ಮಿನ್ ಯೂಸರ್‌ಗೆ ಅಂತ ಎತ್ತಿಡುತ್ತೆ, 4 ಟಿಬಿ ಡಿಸ್ಕಲ್ಲಿ ಅದು 200 ಜಿಬಿ. ಬರೀ ಫೋಟೊ ಇಡೋ ಡಿಸ್ಕಿಗೆ ಅದರ ಅಗತ್ಯ ಇಲ್ಲ, ಟ್ಯೂನ್2ಎಫ್‌ಎಸ್‌ನಿಂದ ಸೊನ್ನೆ ಮಾಡಿ.

ಎಫ್‌ಎಸ್‌ಟ್ಯಾಬ್: ಉಳಿದ ಅರ್ಧ ಜನ ಇಲ್ಲಿ

ಬೂಟ್ ಆದಾಗಲೆಲ್ಲಾ ಡಿಸ್ಕ್ ತಾನಾಗೇ ಮೌಂಟ್ ಆಗ್ಬೇಕು, ಅಂದ್ರೆ ಒಂದು ಫೋಲ್ಡರಿನಲ್ಲಿ ಕೂತು ತೆರೆದುಕೊಳ್ಬೇಕು ಅಂದ್ರೆ ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲಲ್ಲಿ ಒಂದು ಸಾಲು ಸೇರಿಸ್ಬೇಕು. ಒಂದೇ ಸಾಲು, ಆದ್ರೆ ಒಂದು ಅಕ್ಷರ ತಪ್ಪಿದ್ರೂ ಮಷೀನ್ ಏಳಲ್ಲ. ಮುಟ್ಟೋ ಮೊದಲು ಫೈಲಿನ ಒಂದು ಕಾಪಿ ಪಕ್ಕದಲ್ಲಿಡಿ.

ಸಾಲಿನಲ್ಲಿ ಆರು ಭಾಗ: ಯಾವ ಡಿಸ್ಕ್, ಎಲ್ಲಿ ಕೂರಬೇಕು, ಯಾವ ಫೈಲ್‌ಸಿಸ್ಟಂ, ಆಪ್ಷನ್‌ಗಳು, ಆಮೇಲೆ ಎರಡು ಅಂಕಿ. ಒಂದೊಂದು ಭಾಗದ ಮಧ್ಯೆ ಸ್ಪೇಸ್ ಇಲ್ಲಾ ಟ್ಯಾಬ್.

ಮೊದಲ ಭಾಗದಲ್ಲಿ ಎಸ್‌ಡಿಎ1 ಅಂತ ಬರೀಬೇಡಿ. ಇನ್ನೊಂದು ಡಿಸ್ಕ್ ಸಿಕ್ಕಿಸಿದ ದಿನ ಇದು ಎಸ್‌ಡಿಬಿ ಆಗಿ ಅದು ಎಸ್‌ಡಿಎ ಆಗಬಹುದು. ಯುಯುಐಡಿ, ಅಂದ್ರೆ ಆ ಡಿಸ್ಕಿನ ಫೈಲ್‌ಸಿಸ್ಟಂಗೇ ಇರೋ ಗುರುತಿನ ನಂಬರ್ ಬರೀರಿ. ಸುಡೊ (ರೂಟ್ ಅಧಿಕಾರದಲ್ಲಿ ಓಡಿಸೋ ಪದ) ಮುಂದೆ ಹಾಕಿ ಬಿಎಲ್‌ಕೆಐಡಿ ಕೊಟ್ರೆ ಆ ಉದ್ದದ ನಂಬರ್ ಬರುತ್ತೆ, ಆದ್ರೆ ಅದೇ ಸಾಲಿನ ಕೊನೆಯಲ್ಲಿ ಪಾರ್ಟ್‌ಯುಯುಐಡಿ ಅಂತ ಇನ್ನೊಂದೂ ಇರುತ್ತೆ. ಎಷ್ಟೋ ಜನ ಅದನ್ನ ಕಾಪಿ ಮಾಡಿ ಮುಂದೆ ಬರೀ ಯುಯುಐಡಿ ಅಂತ ಬರೀತಾರೆ. ಅಂಥ ಡಿಸ್ಕ್ ಎಲ್ಲೂ ಇಲ್ಲ ಅಂತ ಲಿನಕ್ಸ್ ಹುಡುಕ್ತಾ ಕೂರುತ್ತೆ.

ನಾಲ್ಕನೇ ಭಾಗ ಆಪ್ಷನ್‌ಗಳದ್ದು. ಡೀಫಾಲ್ಟ್ಸ್, ನೋಎಟೈಮ್, ನೋಫೇಲ್, ಈ ಮೂರು ಸಾಕು. ಮಧ್ಯೆ ಕಾಮ ಮಾತ್ರ, ಕಾಮ ಆದಮೇಲೆ ಸ್ಪೇಸ್ ಕೊಡಲೇಬಾರದು. ನಾವೆಲ್ಲಾ ಬರೆಯುವಾಗ ಕಾಮ ಆದಮೇಲೆ ಸ್ಪೇಸ್ ಹೊಡೆದೇ ರೂಢಿ, ಬೆರಳು ತಾನಾಗೇ ಹೊಡೆಯುತ್ತೆ, ಆಗ ಲಿನಕ್ಸ್ ಸ್ಪೇಸ್ ಆದಮೇಲಿನದ್ದನ್ನ ಐದನೇ ಭಾಗ ಅಂದ್ಕೊಳ್ಳುತ್ತೆ, ನೋಫೇಲ್ ಬರೆದಿದ್ದೂ ಬರೆಯದ ಹಾಗೇ. ನೋಫೇಲ್ ಬಗ್ಗೆ ನಾನು ಯಾರ ಮಾತೂ ಕೇಳಲ್ಲ, ಇರಲೇಬೇಕು. ಅದಿಲ್ಲದೆ ಡಿಸ್ಕ್ ಸಿಗಲಿಲ್ಲ ಅಂದ್ರೆ ಸಿಸ್ಟಂ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ ಹೋಗುತ್ತೆ, ಪೈಯಲ್ಲಿ ರೂಟ್ ಅಕೌಂಟ್ ಲಾಕ್ ಆಗಿರೋದ್ರಿಂದ ಅಲ್ಲಿ ಕೀಬೋರ್ಡ್ ಹಾಕಿದ್ರೂ ಏನೂ ಮಾಡೋಕಾಗಲ್ಲ. ಕೊನೇ ಎರಡು ಅಂಕಿ 0 ಮತ್ತು 2.

ಸೇವ್ ಮಾಡಿ ತಕ್ಷಣ ರೀಬೂಟ್ ಮಾಡೋದು ದೊಡ್ಡ ತಪ್ಪು. ಮೊದಲು ಫೈಂಡ್‌ಎಂಎನ್‌ಟಿ ಆಜ್ಞೆಗೆ ವೆರಿಫೈ ಆಪ್ಷನ್ ಕೊಟ್ಟು ಓಡಿಸಿ, ತಪ್ಪಿದ್ದ ಸಾಲನ್ನ ಅದೇ ಹೇಳುತ್ತೆ. ಆಮೇಲೆ ಸಿಸ್ಟಂಸಿಟಿಎಲ್‌ಗೆ ಡೀಮನ್ ರೀಲೋಡ್ ಹೇಳಿ, ಸುಡೊ ಮೌಂಟ್ ಮೈನಸ್ ಎ ಹೊಡೀರಿ. ಸದ್ದಿಲ್ಲದೆ ಮುಗಿದ್ರೆ ಸರಿ ಇದೆ ಅಂತ.

ಈಗಾಗ್ಲೇ ಏಳದ ಹಾಗೆ ಮಾಡ್ಕೊಂಡಿದ್ರೆ ಕಾರ್ಡ್ ಅಳಿಸೋಕೆ ಹೋಗ್ಬೇಡಿ. ಕಾರ್ಡನ್ನ ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ, ಎರಡನೇ ಪಾರ್ಟಿಶನ್ ತೆರೆದು ಅದೇ ಫೈಲಲ್ಲಿ ಆ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿ, ಅಷ್ಟೇ, ಏಳುತ್ತೆ. ವಿಂಡೋಸ್‌ಗೆ ಹಾಕಿದ್ರೆ ಅದಕ್ಕೆ ಎಕ್ಸ್‌ಟಿ4 ಓದೋಕೆ ಬರಲ್ಲ, ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತೆ, ಅಲ್ಲಿ ಗಡಿಬಿಡಿಯಲ್ಲಿ ಹೂಂ ಅಂದವರ ಇಡೀ ಕಾರ್ಡ್ ಹೋಗಿದೆ. ಲಿನಕ್ಸ್ ಮಷೀನ್ ಬೇರೆ ಇಲ್ಲಾಂದ್ರೆ ಇನ್ನೊಂದು ಕಾರ್ಡಲ್ಲಿ ಹೊಸ ಓಎಸ್ ಬರೆದು ಪೈಯನ್ನೇ ಅದರಿಂದ ಎಬ್ಬಿಸಿ, ಹಳೇ ಕಾರ್ಡನ್ನ ಯುಎಸ್‌ಬಿ ರೀಡರಿಗೆ ಹಾಕಿ ತಿದ್ದಬಹುದು.

ನೋಫೇಲ್‌ನಿಂದ ಬರೋ ಒಂದು ಅಪಾಯಾನೂ ಹೇಳಿಬಿಡ್ತೀನಿ. ಡಿಸ್ಕ್ ಬರದೇ ಇದ್ರೂ ಪೈ ಏಳುತ್ತೆ, ಡಿಸ್ಕ್ ಕೂರಬೇಕಾದ ಖಾಲಿ ಫೋಲ್ಡರ್ ಹಾಗೇ ಇರುತ್ತೆ, ಬ್ಯಾಕಪ್ ಪ್ರೋಗ್ರಾಂ ಫೋಟೊಗಳನ್ನೆಲ್ಲಾ ಆ ಫೋಲ್ಡರಿಗೆ ಅಂದ್ರೆ ಪುಟ್ಟ ಕಾರ್ಡಿಗೇ ತುಂಬ್ತಾ ಹೋಗುತ್ತೆ, ಒಂದು ರಾತ್ರಿಯಲ್ಲಿ ಕಾರ್ಡ್ ಭರ್ತಿ. ಇದಕ್ಕೆ ಮದ್ದು ಇದೆ. ಡಿಸ್ಕ್ ಮೌಂಟ್ ಆಗಿಲ್ಲದಾಗ ಆ ಖಾಲಿ ಫೋಲ್ಡರ್ ಮೇಲೆ ಸಿಎಚ್‌ಆಟ್ರ್ ಪ್ಲಸ್ ಐ ಓಡಿಸಿ. ಆಮೇಲೆ ಡಿಸ್ಕ್ ಇಲ್ಲದೆ ಅದರೊಳಗೆ ರೂಟ್ ಕೂಡ ಏನೂ ಬರೆಯೋಕಾಗಲ್ಲ, ಡಿಸ್ಕ್ ಕೂತ ಮೇಲೆ ಎಂದಿನ ಹಾಗೇ ನಡೆಯುತ್ತೆ. ಹಾಗೇ ಫೋಲ್ಡರನ್ನ ನಿಮ್ಮ ಯೂಸರ್ ಹೆಸರಿಗೆ ಮಾಡೋ ಸಿಎಚ್‌ಓನ್ ಆಜ್ಞೆಯನ್ನ ಮೌಂಟ್ ಆದ ಮೇಲೇ ಕೊಡಿ, ಮೊದಲೇ ಕೊಟ್ರೆ ಅದು ಕೆಳಗಿನ ಖಾಲಿ ಫೋಲ್ಡರಿಗೆ ಸೇರುತ್ತೆ, ಡಿಸ್ಕಿಗೆ ಅಲ್ಲ.

ಸಾಂಬಾ

ಡಿಸ್ಕನ್ನ ಮನೆಯ ಬೇರೆ ಕಂಪ್ಯೂಟರ್, ಫೋನ್‌ಗಳಿಗೆ ನೆಟ್‌ವರ್ಕ್ ಮೇಲೆ ಹಂಚೋ ಪ್ರೋಗ್ರಾಂ ಇದು, ಇಲ್ಲಿ ಹೇಳೋಕೆ ಜಾಸ್ತಿ ಇಲ್ಲ. ಇನ್‌ಸ್ಟಾಲ್ ಮಾಡಿ, ಕಾನ್ಫಿಗ್ ಫೈಲಿನ ಕೊನೆಯಲ್ಲಿ ನಿಮ್ಮ ಶೇರ್ ಹೆಸರು, ಪಾತ್, ಬರೆಯೋಕೆ ಅನುಮತಿ ಇಷ್ಟು ಸೇರಿಸಿ, ಟೆಸ್ಟ್‌ಪಾರ್ಮ್ ಓಡಿಸಿ ತಪ್ಪಿಲ್ಲ ಅಂತ ನೋಡ್ಕೊಳ್ಳಿ. ಸಾಂಬಾ ಪಾಸ್‌ವರ್ಡ್ ಬೇರೆ, ಲಾಗಿನ್ ಪಾಸ್‌ವರ್ಡ್ ಬೇರೆ, ಎಸ್‌ಎಂಬಿಪಾಸ್‌ಡಬ್ಲ್ಯುಡಿ ಆಜ್ಞೆಯಲ್ಲಿ ಒಂದು ಸಲ ಇಡ್ಬೇಕು. ಪೈಯನ್ನ ರೌಟರಿಗೆ ವೈರ್ ಎಳೆದೇ ಸೇರಿಸಿ. ಯುಎಸ್‌ಬಿ 3 ಡಿಸ್ಕ್ ಕೆಲಸ ಮಾಡುವಾಗ ಹೊರಡೋ ಗದ್ದಲ 2.4 ಗಿಗಾಹರ್ಟ್ಜ್ ವೈಫೈಯನ್ನ ಕೆಡಿಸುತ್ತೆ, ಡಿಸ್ಕ್ ಹಾಕಿದ ದಿನದಿಂದ ವೈಫೈ ಕಟ್ ಆಗ್ತಿದೆ ಅನ್ನೋದಕ್ಕೆ ಎಷ್ಟೋ ಸಲ ಇದೇ ಕಾರಣ.

ಇಷ್ಟೆಲ್ಲಾ ಆಗಿಯೂ ಡಿಸ್ಕ್ ಬೀಳ್ತಿದ್ರೆ

ಟರ್ಮಿನಲ್‌ನಲ್ಲಿ ಡಿಎಂಇಎಸ್‌ಜಿ ಆಜ್ಞೆಯನ್ನ ಮೈನಸ್ ಡಬ್ಲ್ಯು ಹಾಕಿ ಓಡಲು ಬಿಟ್ಟು ದೊಡ್ಡ ಫೈಲ್ ಕಾಪಿ ಮಾಡಿ. ಅಂಡರ್‌ವೋಲ್ಟೇಜ್ ಅನ್ನೋ ಪದ ಕಂಡ್ರೆ ಮತ್ತೆ ಮೇಲಿನ ಕರೆಂಟ್ ಭಾಗಕ್ಕೆ ಹೋಗಿ. ವೋಲ್ಟೇಜ್ ಸರಿ ಇದ್ದೂ ಯುಎಎಸ್ (ಯುಎಸ್‌ಬಿ ಡಿಸ್ಕ್ ಜೊತೆ ವೇಗವಾಗಿ ಮಾತಾಡೋ ವಿಧಾನ) ಅಬಾರ್ಟ್, ಡಿವೈಸ್ ರೀಸೆಟ್ ಅಂತ ಸಾಲು ಸಾಲಾಗಿ ಬಂದ್ರೆ ಸಾಟಾದಿಂದ ಯುಎಸ್‌ಬಿಗೆ ಬದಲಿಸೋ ಅಡಾಪ್ಟರಿನ ಚಿಪ್ ಸರಿ ಇಲ್ಲ ಅಂತ. ಒಳ್ಳೇ ಅಡಾಪ್ಟರ್ ತರೋದೇ ಸರಿಯಾದ ದಾರಿ. ಅಲ್ಲಿವರೆಗೆ ಎಲ್‌ಎಸ್‌ಯುಎಸ್‌ಬಿ ತೋರಿಸೋ ಐಡಿ ನಂಬರ್ ತಗೊಂಡು, ಸಿಎಂಡಿಲೈನ್ ಫೈಲಲ್ಲಿ ಯುಎಸ್‌ಬಿ ಸ್ಟೋರೇಜ್ ಕ್ವರ್ಕ್ಸ್ ಅಂತ ಸೇರಿಸಿ ಯುಎಎಸ್ ಆಫ್ ಮಾಡಬಹುದು, ಸ್ಪೀಡ್ ಸ್ವಲ್ಪ ಕಮ್ಮಿ ಆಗುತ್ತೆ, ಆದ್ರೆ ಡಿಸ್ಕ್ ಬೀಳಲ್ಲ. ಆ ಫೈಲಲ್ಲಿರೋದೆಲ್ಲಾ ಒಂದೇ ಸಾಲಲ್ಲಿರ್ಬೇಕು, ಎಂಟರ್ ಹೊಡೆದು ಕೆಳಗೆ ಬರೆದ್ರೆ ಕೆಲಸ ಮಾಡಲ್ಲ. ಹಳೇ ಲೇಖನಗಳಲ್ಲಿ ಅದು ಬೂಟ್ ಫೋಲ್ಡರಲ್ಲಿದೆ ಅಂತಿರುತ್ತೆ, 2023ರ ಬುಕ್‌ವರ್ಮ್ ಆವೃತ್ತಿಯಿಂದ ಅದು ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ.

ಎಲ್ಲಾ ಮುಗೀತು ಅನ್ನೋ ಮೊದಲು ಎರಡು ಸಲ ರೀಬೂಟ್ ಮಾಡಿ, ಒಂದು ಸಲ ಡಿಸ್ಕ್ ಹಾಕಿಕೊಂಡು, ಇನ್ನೊಂದು ಸಲ ಪೈ ಆಫ್ ಮಾಡಿ ಡಿಸ್ಕ್ ಕಿತ್ತಿಟ್ಟು. ಎರಡರಲ್ಲೂ ಎಸ್‌ಎಸ್‌ಎಚ್‌ನಿಂದ ಒಳಗೆ ಹೋಗೋಕಾದ್ರೆ, ಯುಯುಐಡಿ ಮತ್ತು ಡಿಸ್ಕ್ ಕೂರೋ ಫೋಲ್ಡರಿನ ಹೆಸರನ್ನ ಒಂದು ಚೀಟಿಯಲ್ಲಿ ಬರೆದು ಡಿಸ್ಕಿನ ತಳಕ್ಕೆ ಟೇಪ್ ಹಾಕಿ ಅಂಟಿಸಿ.